ಖಗೋಳ ವೀಕ್ಷಣೆಗೆ ದೊಡ್ಡ ದುರ್ಬೀನು: ಅದರ ಸ್ಥಾಪನೆ ಮತ್ತು ಹೊಂದಾಣಿಕೆ

ವಿಜ್ಞಾನದ ಬೋಧನೆಯಲ್ಲಿ ಕಣ್ಣಾರೆ ಕಾಣುವುದಕ್ಕೆ ಸಮಾನವಾದ ಪಾಠ ಬೇರೊಂದಿಲ್ಲವೆಂಬುದು ಶಿಕ್ಷಕರೆಲ್ಲರೂ ಒಪ್ಪುವ ಮಾತು. ಪ್ರಯೋಗಶಾಲೆಯಲ್ಲಿ ಆಮ್ಲ ಲವಣಗಳನ್ನೂ, ಶಾಲೆಯ ತೋಟದಲ್ಲಿ ಬೇರು ಎಲೆಗಳನ್ನೂ ವಿದ್ಯಾರ್ಥಿಯು ತಾನೇ ಪರೀಕ್ಷಿಸಿ ತಿಳಿಯುತ್ತಾನೆ. ಖಗೋಳದ ಪಾಠ ಬಂದಾಗ ಮಾತ್ರ ಪುಸ್ತಕದ ಚಿತ್ರವೇ ಗತಿಯಾಗುತ್ತದೆ. ಪ್ರತಿರಾತ್ರಿಯೂ ತಲೆಯ ಮೇಲೆ ತೆರೆದುಕೊಳ್ಳುವ ಆಕಾಶವು ಪಠ್ಯದಲ್ಲಿನ ಕಪ್ಪು ಬಿಳುಪಿನ ಚುಕ್ಕೆಗಳಾಗಿ ಉಳಿಯುತ್ತದೆ. ಈ ಕೊರತೆಯನ್ನು ನೀಗಿಸಲು ಕೆಲವು ಶಾಲೆಗಳು ದೊಡ್ಡ ಜೋಡಿ ದುರ್ಬೀನನ್ನು ಕೊಳ್ಳುವುದುಂಟು; ವಿದ್ಯಾಭಿಮಾನಿಗಳಾದ ದಾನಿಗಳು ಅದನ್ನು ಉದಾರವಾಗಿ ನೀಡುವುದೂ ಉಂಟು. ಆದರೆ ಉಪಕರಣ ಬಂದ ಮೊದಲ ವಾರದ ಉತ್ಸಾಹವು ವರ್ಷ ತುಂಬುವಷ್ಟರಲ್ಲಿ ಇಳಿದುಹೋಗಿ, ಅದು ಕಪಾಟಿನೊಳಗೆ ಧೂಳು ಹಿಡಿದು ಕುಳಿತಿರುವ ನೋಟವೂ ಅಪರೂಪವಲ್ಲ.

ಇದಕ್ಕೆ ಮಸೂರಗಳ ದೋಷ ಕಾರಣವಾಗಿರುವುದು ಕಡಿಮೆ. ಉಪಕರಣವನ್ನು ಅಲುಗದಂತೆ ನಿಲ್ಲಿಸಲು ತಕ್ಕ ನೆಲೆಯಿಲ್ಲದಿರುವುದು ಮೊದಲನೆಯ ಕಾರಣ. ನೋಡುವವರ ದೇಹಕ್ಕೂ ಕಣ್ಣಿಗೂ ಅದನ್ನು ಹೊಂದಿಸುವ ಕ್ರಮ ತಿಳಿಯದಿರುವುದು ಎರಡನೆಯದು. ಆಯಾಸಪಡುತ್ತ ನೋಡಿದವರು ಎರಡನೆಯ ಬಾರಿ ನೋಡಲು ಬರುವುದಿಲ್ಲ. ಆದುದರಿಂದ ಈ ಎರಡು ವಿಷಯಗಳನ್ನು ಶಾಲೆಗಳ ಅನುಕೂಲದ ದೃಷ್ಟಿಯಿಂದ ಇಲ್ಲಿ ವಿವೇಚಿಸಲಾಗಿದೆ.

ಉಪಕರಣದ ಸ್ವರೂಪ

ಜೋಡಿ ದುರ್ಬೀನಿನ ಇತಿಹಾಸವು ದೂರದರ್ಶಕದ ಇತಿಹಾಸದಷ್ಟೇ ಹಳೆಯದು. ೧೬೦೮ರಲ್ಲಿ ಹಾಲೆಂಡಿನ ಕನ್ನಡಕ ತಯಾರಕ ಹಾನ್ಸ್ ಲಿಪ್ಪರ್‌ಶೇ ತನ್ನ ನೂತನ ಉಪಕರಣಕ್ಕೆ ಹಕ್ಕುಪತ್ರವನ್ನು ಕೋರಿದಾಗ, ಎರಡೂ ಕಣ್ಣುಗಳಿಂದ ನೋಡಲು ಬರುವಂತೆ ಅದನ್ನು ರಚಿಸಿಕೊಡಬೇಕೆಂದು ಅಲ್ಲಿಯ ಆಡಳಿತ ಸಭೆಯು ಕೇಳಿತು. ತಲೆಕೆಳಗಾದ ಬಿಂಬವನ್ನು ನೇರಗೊಳಿಸುವ ಗಾಜಿನ ಅಶ್ರಗಗಳ ಜೋಡಣೆಯನ್ನು ಇಟಲಿಯ ಇಗ್ನಾಜಿಯೋ ಪೊರೋ ೧೮೫೪ರಲ್ಲಿ ರೂಪಿಸಿದನು. ಜರ್ಮನಿಯ ಝೈಸ್ ಸಂಸ್ಥೆಯು ೧೮೯೪ರಲ್ಲಿ ಈ ಬಗೆಯ ದುರ್ಬೀನುಗಳನ್ನು ತಯಾರಿಸಿ ಮಾರಲಾರಂಭಿಸಿತು. ಇಂದಿನ ದೊಡ್ಡ ದುರ್ಬೀನುಗಳಲ್ಲಿ ಹೆಚ್ಚಿನವು ಇದೇ ಮಾದರಿಯವು.

ದುರ್ಬೀನಿನ ಮೈಮೇಲೆ ೭×೫೦, ೧೦×೫೦, ೨೦×೮೦, ೨೫×೧೦೦ ಎಂಬಂಥ ಅಂಕಿಗಳಿರುತ್ತವೆ. ಮೊದಲನೆಯ ಅಂಕಿ ವರ್ಧನೆಯನ್ನು, ಎರಡನೆಯದು ಮುಂದಿನ ವಸ್ತುಮಸೂರದ ವ್ಯಾಸವನ್ನು ಮಿಲಿಮೀಟರುಗಳಲ್ಲಿ ಸೂಚಿಸುತ್ತದೆ. ಮಸೂರವು ಹಿಡಿಯುವ ಬೆಳಕು ವ್ಯಾಸದ ವರ್ಗಕ್ಕೆ ಅನುಗುಣವಾಗಿರುವುದರಿಂದ, ೮೦ ಮಿ.ಮೀ. ಮಸೂರವು ೫೦ ಮಿ.ಮೀ. ಮಸೂರಕ್ಕಿಂತ ಎರಡೂವರೆ ಪಟ್ಟು ಹೆಚ್ಚು ಬೆಳಕನ್ನು ಕೂಡಿಸುತ್ತದೆ. ಕತ್ತಲೆಯಲ್ಲಿ ೭ ಮಿ.ಮೀ. ಅರಳಿದ ಕಣ್ಣಿನ ಪಾಪೆಯೊಡನೆ ಹೋಲಿಸಿದರೆ ಇದು ಸುಮಾರು ೧೩೦ ಪಟ್ಟಾಗುತ್ತದೆ. ಬರಿಗಣ್ಣಿಗೆ ಮಂಜಿನ ತುಣುಕಿನಂತೆ ತೋರುವ ಕರ್ಕಾಟಕ ರಾಶಿಯ ಪುಷ್ಯದ ಗುಚ್ಛವು ಇಂಥ ದುರ್ಬೀನಿನಲ್ಲಿ ಹತ್ತಾರು ನಕ್ಷತ್ರಗಳಾಗಿ ಬಿಡಿಬಿಡಿಯಾಗಿ ಒಡೆಯುವುದು ಈ ಕಾರಣದಿಂದಲೇ.

ದೊಡ್ಡ ದುರ್ಬೀನಿಗೆ ಮತ್ತೊಂದು ವಿಶೇಷವಿದೆ. ೨೦×೮೦ರ ನೋಟದ ಹರವು ಮೂರು ಡಿಗ್ರಿಗಿಂತ ತುಸು ಹೆಚ್ಚು. ಅಂದರೆ ಆರು ಹುಣ್ಣಿಮೆಯ ಚಂದ್ರರನ್ನು ಸಾಲಾಗಿ ಇಡಬಹುದಾದಷ್ಟು ಅಗಲ. ಭೂಮಿಯ ಆವರ್ತನೆಯಿಂದ ನಕ್ಷತ್ರಗಳು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಷ್ಟು ಸರಿದಂತೆ ಕಾಣುತ್ತವೆ. ಹೀಗಾಗಿ ಹರವಿನ ನಡುವೆ ನಿಲ್ಲಿಸಿದ ನಕ್ಷತ್ರವು ಅಂಚನ್ನು ತಲುಪಲು ಆರು ನಿಮಿಷ ಬೇಕು. ನೂರು ಪಟ್ಟು ಹಿಗ್ಗಿಸುವ ದೂರದರ್ಶಕದಲ್ಲಿ ಹರವು ಅರ್ಧ ಡಿಗ್ರಿಯಷ್ಟೇ ಇದ್ದರೆ ಅದೇ ನಕ್ಷತ್ರ ಒಂದೇ ನಿಮಿಷದಲ್ಲಿ ಮರೆಯಾಗುವುದು. ಎಂಟು ಹತ್ತು ಮಕ್ಕಳು ಒಬ್ಬರ ಹಿಂದೊಬ್ಬರು ಬಂದು ನೋಡಬೇಕಾದ ಶಾಲೆಯಲ್ಲಿ ಈ ಆರು ನಿಮಿಷಗಳ ಬೆಲೆ ದೊಡ್ಡದು. ಆದರೆ ಉಪಕರಣವು ಅಷ್ಟು ಹೊತ್ತು ಇಟ್ಟಲ್ಲಿ ಇಟ್ಟಂತೆ ನಿಂತಿದ್ದರೆ ಮಾತ್ರ ಅದರ ಪ್ರಯೋಜನ ದೊರೆಯುತ್ತದೆ.

ನೆಲೆಯ ಅಗತ್ಯ

ವರ್ಧನೆಯು ವಸ್ತುವನ್ನು ಹಿಗ್ಗಿಸುವಂತೆಯೇ ಕೈಯ ನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಗೆಲಿಲಿಯೋ ೧೬೧೦ರ ಜನವರಿಯಲ್ಲಿ ಬರೆದ ಪತ್ರವೊಂದರಲ್ಲಿ ಈ ಮಾತನ್ನು ಸ್ಪಷ್ಟವಾಗಿ ತಿಳಿಸಿದ್ದಾನೆ. ನಾಡಿಯ ಬಡಿತದಿಂದಲೂ ಉಸಿರಾಟದಿಂದಲೂ ಕೈ ನಡುಗುವುದರಿಂದ ಕೊಳವೆಯನ್ನು ಸ್ಥಿರವಾದ ಸ್ಥಳದಲ್ಲಿ ಬಿಗಿಯಾಗಿ ನಿಲ್ಲಿಸಬೇಕೆಂಬುದು ಅವನ ಸಲಹೆ. ಅವನ ಉಪಕರಣ ಇಪ್ಪತ್ತು ಪಟ್ಟಿನ ಆಸುಪಾಸಿನದು. ಇಂದಿನ ೨೦×೮೦ ದುರ್ಬೀನು ಕೂಡ ಅಷ್ಟೇ ಹಿಗ್ಗಿಸುತ್ತದೆ. ಭಾರವೋ ಎರಡರಿಂದ ಎರಡೂವರೆ ಕಿಲೋಗ್ರಾಂ. ೨೫×೧೦೦ ಆದರೆ ನಾಲ್ಕು ಕಿಲೋವನ್ನೂ ಮೀರುತ್ತದೆ. ಇಂಥದನ್ನು ಕೈಯಲ್ಲಿ ಹಿಡಿದು ಗುರುಗ್ರಹವನ್ನು ನೋಡಿದರೆ ಅದು ಬೆಳಕಿನ ಗೆರೆಗಳಂತೆ ಕುಣಿಯುವುದಲ್ಲದೆ, ಪಕ್ಕದಲ್ಲಿರುವ ನಾಲ್ಕು ಉಪಗ್ರಹಗಳು ಆ ಕುಣಿತದಲ್ಲಿ ಅಳಿಸಿಹೋಗುತ್ತವೆ. ಅದೇ ದುರ್ಬೀನನ್ನು ಬಿಗಿಯಾದ ನೆಲೆಯ ಮೇಲಿಟ್ಟ ಕೂಡಲೇ ಆ ನಾಲ್ಕೂ ಚುಕ್ಕೆಗಳು ಒಂದೇ ಸಾಲಿನಲ್ಲಿ ನಿಶ್ಚಲವಾಗಿ ತೋರುತ್ತವೆ. ಮಸೂರವನ್ನು ಬದಲಿಸದೆ, ಕೇವಲ ನಿಶ್ಚಲತೆಯಿಂದಲೇ ದೊರೆಯುವ ಲಾಭವಿದು.

ತ್ರಿಪಾದಿಯೂ ಅದರ ಮಿತಿಯೂ

ದುರ್ಬೀನನ್ನು ನಿಲ್ಲಿಸುವ ಸುಲಭ ಸಾಧನವೆಂದರೆ ಮೂರು ಕಾಲಿನ ತ್ರಿಪಾದಿ. ಸಣ್ಣ ದುರ್ಬೀನುಗಳಲ್ಲಿ ನಡುಗೀಲಿನ ಮುಂದಿರುವ ತಿರುಪಿನ ರಂಧ್ರಕ್ಕೆ ಮೊಣಕೈಯಾಕಾರದ ಲೋಹದ ಪಟ್ಟಿಯನ್ನು ಸಿಕ್ಕಿಸಿ ತ್ರಿಪಾದಿಯ ಕಾಲು ಇಂಚಿನ ತಿರುಪಿಗೆ ಜೋಡಿಸುವರು. ದೊಡ್ಡ ದುರ್ಬೀನಿಗೆ ಈ ಪಟ್ಟಿ ಸಾಲದು. ಅದು ಭಾರಕ್ಕೆ ಬಾಗಿ ಚಿಮ್ಮುತ್ತಿರುತ್ತದೆ. ಆದುದರಿಂದಲೇ ದೊಡ್ಡ ದುರ್ಬೀನುಗಳಲ್ಲಿ ಎರಡು ಕೊಳವೆಗಳ ನಡುವೆ ಉದ್ದನೆಯ ಸಲಾಕೆಯೊಂದನ್ನೂ, ಅದರ ಮೇಲೆ ಹಿಂದೆ ಮುಂದೆ ಸರಿಯುವ ಗಟ್ಟಿಯಾದ ಗೂಟವನ್ನೂ ಇರಿಸಿರುತ್ತಾರೆ. ಗೂಟವನ್ನು ಸರಿಸುತ್ತ, ಕೈ ಬಿಟ್ಟರೂ ದುರ್ಬೀನು ಮುಂದಕ್ಕಾಗಲಿ ಹಿಂದಕ್ಕಾಗಲಿ ವಾಲದ ಸ್ಥಾನವನ್ನು ಕಂಡುಕೊಂಡು ಅಲ್ಲಿ ಬಿಗಿಯಬೇಕು. ಈ ತೂಕದ ಬಿಂದುವನ್ನು ಹುಡುಕದೆ ಕೇವಲ ತಿರುಪುಗಳ ಬಿಗಿತವನ್ನೇ ನಂಬುವುದು ಅಪಾಯಕರ. ತಿರುಪು ಸಡಿಲಿದ ಕ್ಷಣದಲ್ಲಿ ಭಾರವಾದ ಉಪಕರಣವು ಮುಖಮುಂದಾಗಿ ಬೀಳುವುದು.

ತ್ರಿಪಾದಿಯು ಛಾಯಾಚಿತ್ರಗಾರರ ಹಗುರವಾದ ಮಾದರಿಯದಾಗಿರಬಾರದು. ಭೂಮಾಪನದವರು ಬಳಸುವಂಥ ದಪ್ಪ ಮರದ ಕಾಲುಗಳ ತ್ರಿಪಾದಿ ಉತ್ತಮ. ಮರವು ಕಂಪನವನ್ನು ಬೇಗ ನುಂಗಿಕೊಳ್ಳುತ್ತದೆ. ನೆಲೆಯ ಗುಣವನ್ನು ಪರೀಕ್ಷಿಸಲು ಸರಳ ವಿಧಾನವೊಂದಿದೆ. ನಕ್ಷತ್ರವೊಂದನ್ನು ನೋಡುತ್ತ ತ್ರಿಪಾದಿಯ ಕಾಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಬೇಕು. ನಡುಕವು ಎರಡು ಮೂರು ಸೆಕೆಂಡುಗಳಲ್ಲಿ ಶಾಂತವಾದರೆ ನೆಲೆ ಯೋಗ್ಯ. ಹೆಚ್ಚು ಹೊತ್ತು ಹಿಡಿದರೆ ಕಾಲುಗಳನ್ನು ಪೂರ್ತಿ ಚಾಚದೆ ತಗ್ಗಿಸಬೇಕು, ನಡುಗಂಬವನ್ನು ಮೇಲೆತ್ತದೆ ಇಳಿಸಿಡಬೇಕು, ಕಾಲುಗಳ ನಡುವೆ ಮರಳಿನ ಚೀಲವೊಂದನ್ನು ತೂಗಬಿಡಬೇಕು. ಶಾಲೆಯ ತಾರಸಿಗಿಂತ ಅಂಗಳದ ಗಟ್ಟಿ ನೆಲವೇ ಮೇಲು. ತಾರಸಿಯ ಮೇಲೆ ಮಕ್ಕಳು ಓಡಾಡಿದ ಹೆಜ್ಜೆಯ ಅದಿರು ಉಪಕರಣದವರೆಗೂ ಹರಿದುಬರುತ್ತದೆ.

ಇಷ್ಟಾದರೂ ತ್ರಿಪಾದಿಗೆ ಒಂದು ದೊಡ್ಡ ಮಿತಿಯುಂಟು. ಅದು ಕನ್ನಡ ನಾಡಿನ ಅಕ್ಷಾಂಶದಲ್ಲಿ ಇನ್ನಷ್ಟು ಬಾಧಿಸುತ್ತದೆ. ಇಂಗ್ಲೆಂಡಿನ ಲಂಡನ್ ನಗರವು ೫೧.೫ ಡಿಗ್ರಿ ಉತ್ತರದಲ್ಲಿದೆ. ಧಾರವಾಡವು ಸುಮಾರು ೧೫.೫ ಡಿಗ್ರಿಯಲ್ಲಿದೆ. ಮಹಾವ್ಯಾಧನ ಕತ್ತಿಯಲ್ಲಿರುವ ಪ್ರಸಿದ್ಧ ನೀಹಾರಿಕೆಯು ಲಂಡನ್ನಿನಲ್ಲಿ ಅತ್ಯುಚ್ಚ ಸ್ಥಾನಕ್ಕೆ ಬಂದಾಗಲೂ ದಿಗಂತದಿಂದ ೩೩ ಡಿಗ್ರಿಗಳಷ್ಟೇ ಏರುವುದು. ಧಾರವಾಡದಲ್ಲಾದರೋ ಅದು ನೆತ್ತಿಯಿಂದ ೨೧ ಡಿಗ್ರಿಗಳಷ್ಟು ಸಮೀಪಕ್ಕೆ ಬರುವುದು. ಕೃತ್ತಿಕೆಯು ನೆತ್ತಿಯಿಂದ ೯ ಡಿಗ್ರಿ, ಪುಷ್ಯದ ಗುಚ್ಛವು ಕೇವಲ ೪ ಡಿಗ್ರಿ ದೂರದಲ್ಲಿ ಹಾಯುತ್ತವೆ. ಶೀತದೇಶಗಳಲ್ಲಿ ಕುಳಿತು ಎದುರಿಗೆ ನೋಡಬಹುದಾದ ಕಾಯಗಳನ್ನು ಇಲ್ಲಿ ಕತ್ತನ್ನು ಹಿಂದಕ್ಕೆ ಮುರಿದಂತೆ ಬಾಗಿಸಿ ನೋಡಬೇಕಾಗುತ್ತದೆ. ನೇರ ನೋಟದ ದುರ್ಬೀನನ್ನು ತ್ರಿಪಾದಿಯ ಮೇಲಿಟ್ಟು ನೆತ್ತಿಗೆ ತಿರುಗಿಸಿದರೆ ನೇತ್ರಮಸೂರಗಳು ತ್ರಿಪಾದಿಯ ಕಾಲುಗಳ ನಡುವೆ ಇಳಿಯುತ್ತವೆ. ತಲೆಯಿಡಲು ಸ್ಥಳವೇ ಇರುವುದಿಲ್ಲ. ದಕ್ಷಿಣ ದಿಗಂತದ ಕಾಯಗಳಿಗೆ ಮಾತ್ರ ತ್ರಿಪಾದಿ ಸಾಕು. ಇಂಗ್ಲೆಂಡಿನಲ್ಲಿ ಎಂದೂ ಉದಯಿಸದ ಒಮೇಗಾ ಸೆಂಟಾರಿ ಎಂಬ ಗೋಳಗುಚ್ಛವು ಧಾರವಾಡದಲ್ಲಿ ೨೭ ಡಿಗ್ರಿ ಎತ್ತರಕ್ಕೆ ಏರುವುದರಿಂದ, ಬೇಸಿಗೆಯ ರಾತ್ರಿಗಳಲ್ಲಿ ಬೆಂಚಿನ ಮೇಲೆ ಕುಳಿತೇ ಅದನ್ನು ಸುಖವಾಗಿ ನೋಡಬಹುದು.

ಸಮಾಂತರ ಚತುರ್ಭುಜದ ತೋಳು

ಈ ತೊಡಕನ್ನು ಪರಿಹರಿಸುವ ಸಾಧನವೊಂದನ್ನು ಊರಿನ ಬಡಗಿಯೇ ಮಾಡಿಕೊಡಬಲ್ಲನು. ಅದರ ತತ್ತ್ವವನ್ನು ಪ್ರೌಢಶಾಲೆಯ ರೇಖಾಗಣಿತ ಬಲ್ಲ ವಿದ್ಯಾರ್ಥಿಯೂ ಅರಿಯಬಲ್ಲನು. ಒಂದೇ ಉದ್ದದ ಎರಡು ಮರದ ಪಟ್ಟಿಗಳನ್ನು ಒಂದರ ಮೇಲೊಂದು ಸಮಾಂತರವಾಗಿ ಹಿಡಿದು, ಅವುಗಳ ಮುಂದುಗಡೆಯನ್ನು ಚಿಕ್ಕದೊಂದು ನಿಲುಪಟ್ಟಿಗೂ, ಹಿಂದುಗಡೆಯನ್ನು ತ್ರಿಪಾದಿಯ ಮೇಲೆ ನಿಂತ ಮತ್ತೊಂದು ನಿಲುಪಟ್ಟಿಗೂ ಬೋಲ್ಟುಗಳಿಂದ ಕೀಲಿಸಿದರೆ ನಾಲ್ಕು ಕೀಲುಗಳ ತೋಳೊಂದು ಸಿದ್ಧವಾಗುತ್ತದೆ. ಸಮಾಂತರ ಚತುರ್ಭುಜದ ಎದುರು ಬಾಹುಗಳು ಎಂದಿಗೂ ಸಮಾಂತರವಾಗಿಯೇ ಇರುತ್ತವೆ. ಹಿಂದಿನ ನಿಲುಪಟ್ಟಿ ಲಂಬವಾಗಿ ನಿಂತಿರುವವರೆಗೆ, ತೋಳು ಎಷ್ಟೇ ಏರಲಿ ಇಳಿಯಲಿ, ಮುಂದಿನ ನಿಲುಪಟ್ಟಿಯೂ ಲಂಬವಾಗಿಯೇ ಉಳಿಯುತ್ತದೆ. ದುರ್ಬೀನನ್ನು ಆ ಮುಂದಿನ ಪಟ್ಟಿಗೆ ಜೋಡಿಸಿರುವುದರಿಂದ ಅದರ ಓರೆಯೂ ಬದಲಾಗದು. ನಕ್ಷತ್ರಗಳು ಅತಿ ದೂರದಲ್ಲಿರುವುದರಿಂದ ಅವುಗಳಿಂದ ಬರುವ ಕಿರಣಗಳು ಸಮಾಂತರ. ದುರ್ಬೀನು ಓರೆಗೆಡದೆ ಒಂದಡಿ ಮೇಲೆ ಹೋದರೂ ಒಂದಡಿ ಕೆಳಗೆ ಬಂದರೂ ಅದೇ ನಕ್ಷತ್ರವನ್ನೇ ನೋಡುತ್ತಿರುತ್ತದೆ.

ಅಳತೆಯ ಉದಾಹರಣೆಯೊಂದನ್ನು ನೋಡಬಹುದು. ತೋಳಿನ ಮುಂಭಾಗ ೭೫ ಸೆಂ.ಮೀ. ಇದ್ದು, ಅದು ಮಟ್ಟದಿಂದ ೩೦ ಡಿಗ್ರಿ ಮೇಲಕ್ಕೂ ೩೦ ಡಿಗ್ರಿ ಕೆಳಕ್ಕೂ ಆಡಬಲ್ಲುದಾದರೆ ದುರ್ಬೀನಿನ ಎತ್ತರದಲ್ಲಿ ಒಟ್ಟು ೭೫ ಸೆಂ.ಮೀ. ವ್ಯತ್ಯಾಸ ದೊರೆಯುತ್ತದೆ. ಎತ್ತರದ ಶಿಕ್ಷಕನ ಕಣ್ಣಿಗೂ ಐದನೆಯ ತರಗತಿಯ ಮಗುವಿನ ಕಣ್ಣಿಗೂ ಇರುವ ಅಂತರ ಇದರೊಳಗೆ ಅಡಗುತ್ತದೆ. ಶಿಕ್ಷಕನು ನಕ್ಷತ್ರವನ್ನು ಹುಡುಕಿ ನಿಲ್ಲಿಸಿ, ತೋಳನ್ನು ಕೆಳಗಿಳಿಸಿದರೆ ಸಾಕು. ಮಗು ತುದಿಗಾಲಿನಲ್ಲಿ ನಿಲ್ಲದೆ ಅದೇ ನಕ್ಷತ್ರವನ್ನು ಕಾಣುವುದು.

ತೋಳು ತಾನಾಗಿಯೇ ಇಟ್ಟಲ್ಲಿ ನಿಲ್ಲಬೇಕಾದರೆ ಹಿಂದುಗಡೆ ಪ್ರತಿಭಾರ ಬೇಕು. ಇಲ್ಲಿ ಸನ್ನೆಯ ನಿಯಮವೇ ಲೆಕ್ಕ. ದುರ್ಬೀನು ಮತ್ತು ಅದರ ಹಿಡಿಕೆ ಸೇರಿ ೨.೫ ಕಿ.ಗ್ರಾಂ. ಭಾರವು ಕೀಲಿನಿಂದ ೭೫ ಸೆಂ.ಮೀ. ಮುಂದಿದ್ದರೆ, ೨೫ ಸೆಂ.ಮೀ. ಹಿಂದೆ ೭.೫ ಕಿ.ಗ್ರಾಂ. ಭಾರವಿಡಬೇಕು. ಹಿಂದಿನ ತೋಳನ್ನು ೩೭.೫ ಸೆಂ.ಮೀ.ಗೆ ಉದ್ದ ಮಾಡಿದರೆ ೫ ಕಿ.ಗ್ರಾಂ. ಸಾಕು, ಆದರೆ ಕತ್ತಲಲ್ಲಿ ಆ ಉದ್ದದ ಬಾಲವು ಮಕ್ಕಳ ತಲೆಗೆ ತಾಕುವ ಭಯವುಂಟು. ಅಂಗಡಿಯ ತೂಕದ ಕಲ್ಲುಗಳೋ ಮರಳು ತುಂಬಿದ ಡಬ್ಬಿಯೋ ಪ್ರತಿಭಾರಕ್ಕೆ ಆಗಬಹುದು. ಮರದ ಸ್ವಂತ ಭಾರವೂ ಲೆಕ್ಕದಲ್ಲಿ ಸೇರುವುದರಿಂದ ಕೊನೆಯ ಹೊಂದಾಣಿಕೆಯನ್ನು ಭಾರವನ್ನು ಹಿಂದೆ ಮುಂದೆ ಸರಿಸಿಯೇ ಮಾಡಬೇಕು. ಇವೆಲ್ಲ ಕೂಡಿ ತ್ರಿಪಾದಿಯ ಮೇಲೆ ಹನ್ನೆರಡು ಕಿಲೋಗ್ರಾಮಿನಷ್ಟು ಹೊರೆ ಬೀಳುವುದರಿಂದ ತ್ರಿಪಾದಿಯ ಬಲವನ್ನು ಮೊದಲೇ ನಿಶ್ಚಯಿಸಿಕೊಳ್ಳತಕ್ಕದ್ದು.

ರಚನೆಯಲ್ಲಿ ಗಮನಿಸಬೇಕಾದ ಅಂಶಗಳು ಕೆಲವೇ. ಎರಡು ಉದ್ದಪಟ್ಟಿಗಳನ್ನು ಒಟ್ಟಿಗೆ ಬಿಗಿದು ಒಂದೇ ಬಾರಿಗೆ ರಂಧ್ರ ಕೊರೆಯಬೇಕು, ನಿಲುಪಟ್ಟಿಗಳನ್ನೂ ಹಾಗೆಯೇ. ರಂಧ್ರಗಳ ಅಂತರದಲ್ಲಿ ಎರಡು ಮಿಲಿಮೀಟರಿನ ವ್ಯತ್ಯಾಸ ಬಂದರೂ ಚತುರ್ಭುಜವು ಸಮಾಂತರವಾಗಿರದೆ, ತೋಳನ್ನು ಇಳಿಸಿದಾಗ ನಕ್ಷತ್ರ ಜಾರಿಹೋಗುತ್ತದೆ. ಬೋಲ್ಟುಗಳಿಗೆ ಅಗಲವಾದ ವಾಷರುಗಳನ್ನು ಹಾಕಿ, ತೋಳು ಬೆರಳಿನ ಒತ್ತಡಕ್ಕೆ ಆಡುವಷ್ಟು, ಆದರೆ ಗಾಳಿಗೆ ಆಡದಷ್ಟು ಬಿಗಿಯಬೇಕು. ದಿಕ್ಕು ಬದಲಿಸಲು ತೋಳಿನ ಬುಡದಲ್ಲಿ ಲಂಬವಾದ ಅಚ್ಚೂ, ಎತ್ತರ ಬದಲಿಸಲು ದುರ್ಬೀನಿನ ಬಳಿ ಅಡ್ಡ ಅಚ್ಚೂ ಇರಬೇಕು. ಪ್ರತಿಭಾರವು ಜಾರದಂತೆ ಅದರ ಹಿಂದೆ ತಡೆಗೂಟವೊಂದನ್ನು ಹಾಕುವುದನ್ನು ಮರೆಯಬಾರದು. ಉಪಕರಣವನ್ನು ಬಿಚ್ಚುವಾಗ ಪ್ರತಿಭಾರವನ್ನು ಮೊದಲು ತೆಗೆಯತಕ್ಕದ್ದು. ಇಲ್ಲವಾದರೆ ಹಗುರವಾದ ಮುಂದಿನ ತೋಳು ಒಮ್ಮೆಲೇ ಮೇಲಕ್ಕೆ ಚಿಮ್ಮಿ ಅಪಾಯವಾಗುವುದು.

ಆಸನ

ತೋಳು ದುರ್ಬೀನನ್ನು ತ್ರಿಪಾದಿಯ ಕಾಲುಗಳಿಂದ ಆಚೆಗೆ ಚಾಚಿ ಹಿಡಿಯುವುದರಿಂದ ಅದರ ಕೆಳಗೆ ಕುರ್ಚಿಯಿಡಲು ಸ್ಥಳ ದೊರೆಯುತ್ತದೆ. ಹಳೆಯ ಮನೆಗಳ ಪಡಸಾಲೆಯಲ್ಲಿ ಕಾಣುವ ಬಟ್ಟೆಯ ಆರಾಮಕುರ್ಚಿ ಇದಕ್ಕೆ ಅತ್ಯುತ್ತಮ. ನೋಡಬೇಕಾದ ದಿಕ್ಕಿಗೆ ಕಾಲು ಚಾಚಿ, ಬೆನ್ನಿಗೂ ಕತ್ತಿಗೂ ಪೂರ್ಣ ಆಧಾರ ಸಿಗುವಂತೆ ಒರಗಿಕೊಂಡು, ದುರ್ಬೀನನ್ನು ಕಣ್ಣಿನ ಬಳಿಗೆ ಇಳಿಸಿಕೊಳ್ಳಬೇಕು. ಮುಖವು ಉಪಕರಣದ ಬಳಿಗೆ ಹೋಗುವುದಲ್ಲ, ಉಪಕರಣವೇ ಮುಖದ ಬಳಿಗೆ ಬರಬೇಕು ಎಂಬುದು ಇಲ್ಲಿಯ ಸೂತ್ರ. ಮೊಣಕೈಗಳನ್ನು ಕುರ್ಚಿಯ ಕೈಗಳ ಮೇಲೆ ಊರಬೇಕೇ ಹೊರತು ದುರ್ಬೀನಿಗೆ ಜೋತುಬೀಳಬಾರದು. ಮಾಗಿಯ ರಾತ್ರಿಗಳಲ್ಲಿ ಕಂಬಳಿಯೊಂದನ್ನು ಹೊದೆಯಲು ಕೊಡುವುದು ಕೂಡ ವೀಕ್ಷಣೆಯ ಸಿದ್ಧತೆಯಲ್ಲಿ ಸೇರಿದ್ದೇ. ನಡುಗುವ ಮೈಯ ಮೇಲಿನ ಕಣ್ಣು ನೆಟ್ಟನೆ ನಿಲ್ಲಲಾರದು.

ಕಣ್ಣಿಗೆ ಹೊಂದಿಸುವ ಕ್ರಮ

ದುರ್ಬೀನಿನ ನೇತ್ರಮಸೂರವನ್ನು ಹಗಲಿನಲ್ಲಿ ಒಂದಡಿ ದೂರದಿಂದ ನೋಡಿದರೆ ಅದರಲ್ಲಿ ಚಿಕ್ಕ ಬೆಳಕಿನ ಬಿಲ್ಲೆಯೊಂದು ತೇಲುವಂತೆ ತೋರುತ್ತದೆ. ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಅದರ ಅಳತೆ ಸಿಗುತ್ತದೆ. ೨೦×೮೦ರಲ್ಲಿ ಅದು ೪ ಮಿ.ಮೀ. ಮಸೂರ ಕೂಡಿಸಿದ ಬೆಳಕೆಲ್ಲವೂ ಈ ಬಿಲ್ಲೆಯ ಮೂಲಕವೇ ಹೊರಬರುತ್ತದೆ. ಎರಡು ಬಿಲ್ಲೆಗಳೂ ಎರಡು ಪಾಪೆಗಳೊಳಗೆ ಏಕಕಾಲದಲ್ಲಿ ಬೀಳಬೇಕು. ಕೆಲವೇ ಮಿಲಿಮೀಟರು ತಪ್ಪಿದರೂ ಒಂದು ಬದಿಯ ನೋಟ ಕಪ್ಪಾಗುತ್ತದೆ. ಆದುದರಿಂದ ಹೊಂದಾಣಿಕೆಯಲ್ಲಿ ಮೊದಲನೆಯ ಹೆಜ್ಜೆ ಪಾಪೆಗಳ ನಡುವಣ ಅಂತರವನ್ನು ಸರಿಪಡಿಸುವುದು. ನಡುಗೀಲನ್ನು ಮಡಿಸುತ್ತ ಬಿಡಿಸುತ್ತ, ಎರಡು ವೃತ್ತಗಳು ಕೂಡಿ ಒಂದೇ ದುಂಡು ವೃತ್ತವಾಗುವವರೆಗೆ ಹೊಂದಿಸಿ, ಕೀಲಿನ ಮೇಲಿನ ಅಂಕಿಯನ್ನು ಗುರುತು ಹಾಕಿಕೊಳ್ಳಬೇಕು.

ಎರಡನೆಯದು ಕಣ್ಣಿನ ದೂರ. ನೇತ್ರಮಸೂರದ ಸುತ್ತ ಇರುವ ರಬ್ಬರಿನ ಬಟ್ಟಲನ್ನು ಕನ್ನಡಕವಿಲ್ಲದವರು ಎತ್ತಿಯೂ ಕನ್ನಡಕವುಳ್ಳವರು ಮಡಚಿಯೂ ನೋಡಬೇಕು. ದೂರದ್ದು ಕಾಣದಿರುವ ಅಥವಾ ಹತ್ತಿರದ್ದು ಕಾಣದಿರುವ ದೋಷ ಮಾತ್ರ ಇರುವವರು ಕನ್ನಡಕ ತೆಗೆದೇ ನೋಡಬಹುದು; ದುರ್ಬೀನಿನ ನಾಭಿಯನ್ನು ತಿರುಗಿಸಿ ಆ ದೋಷವನ್ನು ಸರಿದೂಗಿಸಬಹುದು. ನಕ್ಷತ್ರಗಳು ಗೆರೆಯಂತೆ ಎಳೆದು ತೋರುವ ದೃಷ್ಟಿದೋಷವುಳ್ಳವರು ಮಾತ್ರ ಕನ್ನಡಕವನ್ನು ಧರಿಸಿಯೇ ಇರಬೇಕು.

ಮೂರನೆಯದು ನಾಭೀಕರಣ. ದೊಡ್ಡ ದುರ್ಬೀನುಗಳಲ್ಲಿ ಸಾಮಾನ್ಯವಾಗಿ ಎರಡು ನೇತ್ರಮಸೂರಗಳನ್ನೂ ಬೇರೆ ಬೇರೆಯಾಗಿ ತಿರುಗಿಸಬೇಕಾಗುತ್ತದೆ. ಬಲಗಡೆಯ ವಸ್ತುಮಸೂರಕ್ಕೆ ಮುಚ್ಚಳ ಹಾಕಿ, ಎಡಗಣ್ಣಿನಿಂದ ಪ್ರಕಾಶಮಾನವಾದ ನಕ್ಷತ್ರವೊಂದು ಸಣ್ಣ ಚುಕ್ಕೆಯಾಗುವವರೆಗೆ ತಿರುಗಿಸಬೇಕು. ಆಮೇಲೆ ಮುಚ್ಚಳವನ್ನು ಎಡಗಡೆಗೆ ಹಾಕಿ ಬಲಗಣ್ಣಿಗೂ ಹಾಗೆಯೇ ಮಾಡಬೇಕು. ಒಂದು ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಳ್ಳುವ ಅಭ್ಯಾಸ ಸಲ್ಲದು. ಅದರಿಂದ ತೆರೆದ ಕಣ್ಣಿನ ಸ್ನಾಯುಗಳೂ ಬಿಗಿಯುತ್ತವೆ. ಎರಡೂ ಕಣ್ಣು ತೆರೆದು, ಮಸೂರಕ್ಕೆ ಮಾತ್ರ ಮುಚ್ಚಳ ಹಾಕುವುದು ಸರಿಯಾದ ಕ್ರಮ.

ಇಷ್ಟೆಲ್ಲ ಮಾಡಿದರೂ ನಕ್ಷತ್ರ ಎರಡಾಗಿ ಕಂಡರೆ, ಇಲ್ಲವೆ ಸ್ವಲ್ಪ ಹೊತ್ತಿಗೆ ಹಣೆ ನೋಯತೊಡಗಿದರೆ, ಎರಡು ಕೊಳವೆಗಳು ಪರಸ್ಪರ ಸಮಾಂತರವಾಗಿಲ್ಲವೆಂದು ಶಂಕಿಸಬೇಕು. ಒಂದು ನೇತ್ರಮಸೂರವನ್ನು ನಾಭಿ ತಪ್ಪಿಸಿ ನಕ್ಷತ್ರವನ್ನು ಬೆಳಕಿನ ತಟ್ಟೆಯಂತೆ ಅರಳಿಸಿದಾಗ, ಮತ್ತೊಂದು ಕಣ್ಣಿನ ಚುಕ್ಕೆ ಆ ತಟ್ಟೆಯೊಳಗೇ ಬೀಳಬೇಕು. ಅದು ತಟ್ಟೆಯ ಮೇಲಕ್ಕೋ ಕೆಳಕ್ಕೋ ಸರಿದಿದ್ದರೆ ದೋಷವಿದೆಯೆಂದೇ ಅರ್ಥ. ಅಕ್ಕಪಕ್ಕದ ಸಣ್ಣ ದೋಷವನ್ನು ಕಣ್ಣುಗಳು ತಾವೇ ಸರಿಪಡಿಸಿಕೊಳ್ಳುತ್ತವೆ. ಮೇಲುಕೆಳಗಿನ ದೋಷವನ್ನು ಸಹಿಸಲಾರವು. ಸಾಮಾನ್ಯವಾಗಿ ಉಪಕರಣ ಬಿದ್ದಾಗ ಒಳಗಿನ ಅಶ್ರಗ ಕದಲಿ ಹೀಗಾಗುತ್ತದೆ. ಇದನ್ನು ಬಲ್ಲ ಕುಶಲಕರ್ಮಿಯಿಂದಲೇ ಸರಿಪಡಿಸಬೇಕು. ಶಾಲೆಯಲ್ಲಿ ತಿರುಪುಗಳನ್ನು ತಿರುಗಿಸುವ ಸಾಹಸ ಬೇಡ.

ಮಕ್ಕಳ ಸರದಿ

ವಯಸ್ಕರಲ್ಲಿ ಪಾಪೆಗಳ ನಡುವಣ ಅಂತರ ಸಾಮಾನ್ಯವಾಗಿ ೫೪ರಿಂದ ೭೪ ಮಿ.ಮೀ. ಒಳಗಿರುತ್ತದೆ. ಮಕ್ಕಳಲ್ಲಿ ಅದು ಇನ್ನೂ ಕಡಿಮೆ. ಆದರೆ ಅನೇಕ ದೊಡ್ಡ ದುರ್ಬೀನುಗಳು ೫೬ ಅಥವಾ ೫೮ ಮಿ.ಮೀ.ಗಿಂತ ಹತ್ತಿರಕ್ಕೆ ಮಡಿಯುವುದಿಲ್ಲ. ಹೀಗಾಗಿ ಹತ್ತು ವರ್ಷದ ಮಗುವಿಗೆ ಎರಡೂ ಕಣ್ಣಿನಿಂದ ನೋಡಲು ಸಾಧ್ಯವಾಗದೆ ಹೋಗಬಹುದು. ಅದು ಮಗುವಿನ ತಪ್ಪಲ್ಲ. ಸಾಲಿನಲ್ಲಿ ಹಿಂದೆ ನಿಂತವರ ಗದ್ದಲಕ್ಕೆ ಹೆದರಿ, ಏನೂ ಕಾಣದಿದ್ದರೂ “ಕಂಡಿತು ಸರ್” ಎಂದು ಹೇಳಿ ಸರಿದುಹೋಗುವ ಮಕ್ಕಳು ಬಹಳ. ಹಾಗೆ ಸರಿದುಹೋದ ಮಗುವು ಆಕಾಶವನ್ನು ಕಾಣದೆ ಹೋಗುವುದಷ್ಟೇ ಅಲ್ಲ, ಕಾಣದುದನ್ನು ಕಂಡೆನೆನ್ನುವ ಪಾಠವನ್ನು ಕಲಿತುಹೋಗುತ್ತದೆ. ವಿಜ್ಞಾನದ ಶಿಕ್ಷಣಕ್ಕೆ ಇದಕ್ಕಿಂತ ದೊಡ್ಡ ಹಾನಿ ಬೇರಿಲ್ಲ.

ಇದನ್ನು ತಪ್ಪಿಸುವ ಉಪಾಯಗಳು ಕಷ್ಟದವಲ್ಲ. ವೀಕ್ಷಣೆಯ ದಿನ ಹಗಲಿನಲ್ಲಿಯೇ ತರಗತಿಯಲ್ಲಿ ಮಿಲಿಮೀಟರಿನ ಅಳತೆಪಟ್ಟಿಯಿಂದ ಪ್ರತಿ ವಿದ್ಯಾರ್ಥಿಯ ಪಾಪೆಗಳ ಅಂತರವನ್ನು ಅಳೆದು ಚೀಟಿಯಲ್ಲಿ ಬರೆದುಕೊಡಬೇಕು. ರಾತ್ರಿ ಸರದಿಯ ಸಾಲನ್ನು ಆ ಅಂಕಿಯ ಏರುಕ್ರಮದಲ್ಲಿ ನಿಲ್ಲಿಸಿದರೆ ಕೀಲನ್ನು ಒಂದೇ ದಿಕ್ಕಿ‌ನಲ್ಲಿ ಸ್ವಲ್ಪ ಸ್ವಲ್ಪವೇ ಬಿಡಿಸುತ್ತ ಹೋಗಬಹುದು, ಕಾಲವೂ ಉಳಿಯುವುದು. ದುರ್ಬೀನಿನ ಕನಿಷ್ಠ ಅಂತರಕ್ಕಿಂತ ಕಡಿಮೆಯಿರುವ ಮಕ್ಕಳಿಗೆ ಒಂದೇ ಕಣ್ಣಿನಿಂದ ನೋಡಲು ಮೊದಲೇ ತಿಳಿಸಬೇಕು. ಕತ್ತಲಿಗೆ ಕಣ್ಣು ಒಗ್ಗಲು ಕನಿಷ್ಠ ಇಪ್ಪತ್ತು ನಿಮಿಷ ಬೇಕಾದುದರಿಂದ, ಆ ಹೊತ್ತಿನಲ್ಲಿ ಬರಿಗಣ್ಣಿನಿಂದ ರಾಶಿಗಳ ಪರಿಚಯ ಮಾಡಿಸಬಹುದು. ಟಾರ್ಚಿಗೆ ಕೆಂಪು ಕಾಗದ ಸುತ್ತಿರಬೇಕು. “ಕಂಡಿತೇ?” ಎಂದು ಕೇಳುವ ಬದಲು, ಗುರುವಿನ ಯಾವ ಬದಿಗೆ ಎಷ್ಟು ಚುಕ್ಕೆಗಳಿವೆಯೆಂದು ಕೇಳಿ, ಹಾಳೆಯ ಮೇಲೆ ಗುರುತು ಮಾಡಿಸಬೇಕು. ಉತ್ತರ ಬಾರದಿದ್ದರೆ ಗದರದೆ ಉಪಕರಣವನ್ನು ಮತ್ತೊಮ್ಮೆ ಹೊಂದಿಸಬೇಕು. ಪ್ರಸಾದ ನಿಲಯದ ಪಂಕ್ತಿಯಲ್ಲಿ ಎಲ್ಲರ ಎಡೆಗೂ ಒಂದೇ ಬಗೆಯಲ್ಲಿ ಬಡಿಸುವಂತೆ, ಆಕಾಶದ ನೋಟವೂ ಎತ್ತರದವನಿಗೂ ಗಿಡ್ಡನಿಗೂ, ಕನ್ನಡಕವುಳ್ಳವಳಿಗೂ ಇಲ್ಲದವಳಿಗೂ ಸಮನಾಗಿ ಸಲ್ಲಬೇಕು.

ರಕ್ಷಣೆ

ದುರ್ಬೀನನ್ನು ಯಾವ ಕಾರಣಕ್ಕೂ ಸೂರ್ಯನೆಡೆಗೆ ತಿರುಗಿಸಬಾರದು. ಕ್ಷಣಮಾತ್ರದ ನೋಟವೂ ಕಣ್ಣನ್ನು ಶಾಶ್ವತವಾಗಿ ಕುರುಡಾಗಿಸಬಲ್ಲುದು. ಹಗಲಿನಲ್ಲಿ ಉಪಕರಣಕ್ಕೆ ಮುಚ್ಚಳ ಹಾಕಿ ಬೀಗದೊಳಗಿಡುವುದೇ ಕ್ಷೇಮ. ಮಾಗಿಯ ರಾತ್ರಿಗಳಲ್ಲಿ ಮಸೂರದ ಮೇಲೆ ಇಬ್ಬನಿ ಕೂತರೆ ಬಟ್ಟೆಯಿಂದ ಉಜ್ಜದೆ ತಾನಾಗಿಯೇ ಆರಲು ಬಿಡಬೇಕು. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡಿನ ಶಾಲೆಗಳಲ್ಲಿ, ಮಸೂರಕ್ಕೆ ಬೂಷ್ಟು ಹಿಡಿಯುವುದು ದೊಡ್ಡ ಪೀಡೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಚೀಲಗಳೊಡನೆ ಇರಿಸಿ, ಆ ಚೀಲಗಳನ್ನು ಆಗಾಗ ಬಿಸಿಮಾಡಿ ಒಣಗಿಸುತ್ತಿದ್ದರೆ ಈ ಪೀಡೆ ತಪ್ಪುವುದು.

ಉಪಸಂಹಾರ

ಸುಖವಾಗಿ, ದೀರ್ಘಕಾಲ, ಮತ್ತೆ ಮತ್ತೆ ನೋಡುವುದರಿಂದ ಏನು ಸಾಧ್ಯವೆಂಬುದಕ್ಕೆ ಇಂಗ್ಲೆಂಡಿನ ಶಾಲಾ ಶಿಕ್ಷಕ ಜಾರ್ಜ್ ಆಲ್ಕಾಕ್ ನಿದರ್ಶನರಾಗಿದ್ದಾರೆ. ಪೀಟರ್‌ಬರೋ ಪರಿಸರದಲ್ಲಿ ನೆಲೆಸಿದ್ದ ಇವರು ದೊಡ್ಡ ದುರ್ಬೀನುಗಳಿಂದ ಆಕಾಶವನ್ನು ವರ್ಷಗಟ್ಟಲೆ ಶೋಧಿಸಿ, ಸಾವಿರಾರು ನಕ್ಷತ್ರಗಳ ವಿನ್ಯಾಸವನ್ನು ಬಾಯಿಪಾಠದಂತೆ ಕಲಿತಿದ್ದರು. ೧೯೫೯ರಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡು ಧೂಮಕೇತುಗಳನ್ನು ಕಂಡುಹಿಡಿದರು. ಅವರ ಐದನೆಯ ಧೂಮಕೇತು ದೊರೆತದ್ದು ೧೯೮೩ರ ಮೇ ತಿಂಗಳಲ್ಲಿ, ಮನೆಯೊಳಗೆ ಮುಚ್ಚಿದ ಕಿಟಕಿಯ ಗಾಜಿನ ಮೂಲಕ ೧೫×೮೦ ದುರ್ಬೀನಿನಿಂದ ನೋಡುತ್ತಿದ್ದಾಗ. ಅವರಿಗೂ ಜಪಾನಿನ ಅರಾಕಿಯವರಿಗೂ ಐರಾಸ್ ಉಪಗ್ರಹಕ್ಕೂ ಸ್ವತಂತ್ರವಾಗಿ ಗೋಚರಿಸಿದ ಆ ಧೂಮಕೇತು ಭೂಮಿಗೆ ಸುಮಾರು ೪೭ ಲಕ್ಷ ಕಿ.ಮೀ. ಸಮೀಪಕ್ಕೆ ಬಂದಿತು. ೧೯೯೬ರ ಜನವರಿಯ ಕೊನೆಯಲ್ಲಿ ಜಪಾನಿನ ಯೂಜಿ ಹ್ಯಾಕುತಾಕೆಯವರು ತಮ್ಮ ಹೆಸರಿನ ಪ್ರಸಿದ್ಧ ಧೂಮಕೇತುವನ್ನು ಕಂಡದ್ದು ೨೫×೧೫೦ ದುರ್ಬೀನಿನಿಂದ. ಇವರಿಬ್ಬರೂ ಒಂದೆರಡು ನಿಮಿಷ ಇಣುಕಿ ಹೋದವರಲ್ಲ. ರಾತ್ರಿಗಳನ್ನು ಆಕಾಶದೊಡನೆ ಕಳೆದವರು.

ಶಾಲೆಗೆ ಉಪಕರಣವನ್ನು ಕೊಳ್ಳುವವರೂ ಕೊಡುವವರೂ ಈ ಅಂಶವನ್ನು ಮೊದಲೇ ಆಲೋಚಿಸುವುದು ಹಿತ. ಆನೆಯನ್ನು ಕೊಂಡು ಅಂಕುಶಕ್ಕೆ ಹಿಂಜರಿದಂತೆ, ಇರುವ ಹಣವನ್ನೆಲ್ಲ ಮಸೂರಕ್ಕೇ ಸುರಿದು ನೆಲೆಯನ್ನು ಮರೆಯುವುದು ಲೋಕರೂಢಿಯಾಗಿದೆ. ೨೫×೧೦೦ ದುರ್ಬೀನನ್ನು ಬರಿಗೈಯಲ್ಲಿ ಕೊಡುವುದಕ್ಕಿಂತ, ೧೫×೭೦ ಅಥವಾ ೨೦×೮೦ ದುರ್ಬೀನನ್ನು ಬಲವಾದ ತ್ರಿಪಾದಿ, ಬಡಗಿ ಮಾಡಿದ ತೋಳು, ಎರಡು ಆರಾಮಕುರ್ಚಿಗಳೊಡನೆ ಕೊಡುವುದು ಎಷ್ಟೋ ಮೇಲು. ತೋಳಿನ ರಚನೆಯನ್ನು ವಿದ್ಯಾರ್ಥಿಗಳ ಕಾಯಕವಾಗಿಯೇ ಮಾಡಿಸಿದರೆ ಚತುರ್ಭುಜದ ಪ್ರಮೇಯ, ಸನ್ನೆಯ ನಿಯಮ, ಮಸೂರದ ಗುಣ, ಈ ಮೂರು ಪಾಠಗಳೂ ಒಂದೇ ಕೆಲಸದಲ್ಲಿ ಕೈಗೂಡುತ್ತವೆ. ಹಾಗೆ ಸಿದ್ಧವಾದ ನೆಲೆಯ ಮೇಲೆ ನಿಂತ ಸಾಧಾರಣ ದುರ್ಬೀನು ವರ್ಷದಲ್ಲಿ ನೂರಾರು ಮಕ್ಕಳಿಗೆ ಗುರುವಿನ ಚಂದ್ರರನ್ನೂ ಕೃತ್ತಿಕೆಯ ಗೊಂಚಲನ್ನೂ ನಿಜವಾಗಿ ತೋರಿಸಬಲ್ಲುದು.